ಮುಚ್ಚಿದ ಎಡಗಣ್ಣು

ಬಳ್ಳಿ ಕತ್ತರಿಸುವ ಚಾಟ್ನಿಯ ದಿನ ಬಂದರೆ ತಿಕೋಟಾ ಕಡೆಯ ದ್ರಾಕ್ಷಿ ತೋಟದವರೆಲ್ಲ ಹುಡುಕುತ್ತಿದ್ದುದು ಎಲ್ಲರೂ ಕಾಕಾ ಎನ್ನುವ ಒಬ್ಬ ಹಿರಿಯರನ್ನು. ಬಳ್ಳಿಯ ಕಡ್ಡಿಯನ್ನು ಯಾವ ಗೆಣ್ಣಿನ ಮೇಲೆ ಕತ್ತರಿಸಿದರೆ ಗೊನೆ ಬರುತ್ತದೆಂದು ಅವರಿಗೆ ಗೊತ್ತಿತ್ತು. ಗೆಣ್ಣು ತಪ್ಪಿದರೆ ಆ ವರ್ಷ ಬರೀ ಎಲೆ. ನಿವೃತ್ತನಾಗಿ ಘೋಣಸಗಿಯಲ್ಲಿ ಎರಡೆಕರೆ ದ್ರಾಕ್ಷಿ ಹಚ್ಚಿದ ನಾನು ಅವರ ಬೆನ್ನು ಬಿದ್ದೆ. ಏನು ಕೇಳಿದರೂ ಒಂದೇ ಉತ್ತರ: "ಕೇಳಬ್ಯಾಡ್ರಿ ಮಾಸ್ತರ, ನೋಡ್ರಿ."

ನೋಡಿದೆ. ಕಾಪಿ ಹೊಡೆದ ಮಕ್ಕಳನ್ನು ಜೀವನವಿಡೀ ಬೆಂಚಿನ ಮೇಲೆ ನಿಲ್ಲಿಸಿದವನು ಎರಡು ಹಂಗಾಮು ಅವರನ್ನೇ ಕಾಪಿ ಹೊಡೆದೆ. ಅವರು ಕಡ್ಡಿಯನ್ನು ಹೆಬ್ಬೆರಳಿನಿಂದ ಸವರಿ, ಗೆಣ್ಣು ಎಣಿಸಿ, ಕುತ್ತಿಗೆ ವಾಲಿಸಿ, ಎಡಗಣ್ಣು ಮುಚ್ಚಿ, ಆಮೇಲೆ ಕತ್ತರಿ ಹಾಕುತ್ತಿದ್ದರು. ಗುಟ್ಟೆಲ್ಲ ಆ ಎಡಗಣ್ಣಿನಲ್ಲಿದೆ ಎಂದು ನನಗೆ ಖಾತ್ರಿಯಾಯಿತು. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಮೊದಲ ವರ್ಷ ಬೆರಳು ಕೊಯ್ದುಕೊಂಡೆ, ಮೂರನೆಯ ವರ್ಷ ಗೊನೆಗಳು ಜೋತಾಡಿದವು. ನೋಡಲು ಬಂದ ರೈತರಿಗೆ, "ಎಡಗಣ್ಣು ಮುಚ್ಚಬೇಕ್ರಿ" ಎಂದು ಪಾಠವನ್ನೂ ಹೇಳಿದೆ.

ಮರುವರ್ಷ ಕಾಕಾ ನನ್ನ ತೋಟಕ್ಕೆ ಬಂದರು. ಅಷ್ಟರಲ್ಲಿ ವಿಜಯಪುರಕ್ಕೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಎರಡೂ ಕಣ್ಣು ಅಗಲಿಸಿ ಸರಸರನೆ ಕತ್ತರಿಸುತ್ತ ಬಂದವರು ನನ್ನ ಮುಖ ನೋಡಿ ನಿಂತುಬಿಟ್ಟರು.

"ಯಪ್ಪಾ! ನಿಮಗೂ ಎಡಗಣ್ಣಿಗೇ ಪೊರೆ ಬಂತೇನ್ರಿ ಮಾಸ್ತರ?"

ಪಕ್ಕದ ಸಾಲಿನಲ್ಲಿ ನನ್ನ ಮೂವರು ಶಿಷ್ಯರು ಕುತ್ತಿಗೆ ವಾಲಿಸಿ, ಎಡಗಣ್ಣು ಮುಚ್ಚಿ, ಕಡ್ಡಿ ಹಿಡಿದು ನಿಂತಿದ್ದರು.

"ಕೇಳಬ್ಯಾಡ್ರಿ ಕಾಕಾ," ಎಂದೆ. "ಅಲ್ಲಿ ನೋಡ್ರಿ."