ಮೇಷ್ಟ್ರು ಬರೆದ ಹುಟ್ಟುಹಬ್ಬ

ಲಾಟರಿ ಆಡಲೇಬೇಕಿದ್ದರೆ ಒಂದು ಟಿಕೆಟ್ಟು ಕೊಂಡು ಮರೆತುಬಿಡಬೇಕು. ಅಂಕಿ ಆರಿಸುವ ವಿದ್ಯೆ ಎಂಬುದೇ ಇಲ್ಲ. ಇದನ್ನು ಬಾಯಿಬಿಟ್ಟು ಹೇಳಹೋಗಿ ಕೆಟ್ಟೆ.

ಮೊನ್ನೆ ಸಂಜೆ, ಈ ಪರದೇಶದ ಫ್ರೀಮಾಂಟಿನಲ್ಲಿ, ಕಾರಿಗೆ ಪೆಟ್ರೋಲ್ ಹಾಕಿಸುವ ಗ್ಯಾಸ್ ಸ್ಟೇಷನ್ನಿನ ಅಂಗಡಿಯಲ್ಲಿ ಕಾಫಿಗೆ ನಿಂತಿದ್ದೆ. ಮುಂದೆ ಮಂಡ್ಯ ಕಡೆಯ ಗಂಡ ಹೆಂಡತಿ. ಆತ ಮನೆಯವರ ಹುಟ್ಟಿದ ತಾರೀಖುಗಳ ಪಟ್ಟಿ ಇಟ್ಟುಕೊಂಡು, ಲಾಟರಿ ಚೀಟಿಗಳಲ್ಲಿ ಅವೇ ಅಂಕಿಗಳನ್ನು ತುಂಬುತ್ತಿದ್ದ. ನಾನು ಫೋನಿನಲ್ಲಿ ಕನ್ನಡ ಆಡಿದ್ದು ಕೇಳಿ ಆಕೆ ತಿರುಗಿದರು.

"ಅಣ್ಣಾ, ನೀವಾದ್ರೂ ಹೇಳಿ. ಮಗಳ ಕಾಲೇಜಿಗೆ ಎತ್ತಿಟ್ಟಿದ್ದೂ ಇದಕ್ಕೇ ಹೋಯ್ತೈತೆ. ಇವತ್ತೇ ಕೊನೆ ಅಂತ ಆಣೆ ಮಾಡವ್ರೆ."

"ಹುಟ್ಟಿದ ತಾರೀಖಿಗೂ ಯಂತ್ರದಿಂದ ಬೀಳುವ ಚೆಂಡಿಗೂ ಏನ್ರೀ ಸಂಬಂಧ?" ಎಂದೆ.

"ನಮ್ಮ ಅದೃಷ್ಟ ಅದ್ರಲ್ಲೇ ಇರೋದು ಸಾರ್" ಎಂದ ಆತ.

ಪಟ್ಟಿ ನೋಡಿದೆ. "ನಿಮ್ಮದು ಜೂನ್ ಒಂದು, ನಿಮ್ಮ ಅಣ್ಣಂದೂ ಜೂನ್ ಒಂದು? ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದಿದ್ದು ಕಣ್ರೀ ಇವು. ನೀವು ಹುಟ್ಟಿದ ದಿನವೇ ಅಲ್ಲ!"

ಆತ ಪೆನ್ನು ಕೆಳಗಿಟ್ಟ. ಆಕೆ ನನಗೆ ಕೈಮುಗಿದೇಬಿಟ್ಟರು.

"ಅದಕ್ಕೇ ಸಾರ್, ಇಷ್ಟು ವರ್ಷ ಹೊಡೀಲಿಲ್ಲ!" ಎಂದವನೇ ಊರಿಗೆ ಫೋನು ಮಾಡಿದ. "ಅವ್ವಾ, ನಾನು ಹುಟ್ಟಿದ್ದು ಯಾವತ್ತು? ಸರಿಯಾಗಿ ಜ್ಞಾಪಿಸ್ಕೊಂಡು ಹೇಳು." ಹೆಂಡತಿಗೆ, "ಆಣೆ ಹಾಕಿದ್ದು ತಪ್ಪು ನಂಬರಿಗೆ ಕಣೆ, ಸರಿ ನಂಬರು ಇನ್ನೂ ಆಡೇ ಇಲ್ವಲ್ಲ" ಎಂದ.

ಆಕೆ ಮತ್ತೆ ನನ್ನನ್ನು ಅಣ್ಣಾ ಎನ್ನಲಿಲ್ಲ.

ಕಾಫಿ ಬಿಟ್ಟು ಹೊರಬಂದೆ. ಊರಲ್ಲಿರುವ ಆ ಮುದುಕಿಗೆ ಮಗ ಹುಟ್ಟಿದ ದಿನ ನೆನಪಾಗದಿರಲಿ ಎಂದು, ದೇವರನ್ನೇ ನಂಬದ ನಾನು, ಕಾರಿನಲ್ಲಿ ಕೂತು ಬೇಡಿಕೊಂಡೆ.