ಗೌರತ್ತೆಯ ತಪಾಸಣೆ

ಗೌರತ್ತೆ ಯಾರ ಮನೆಗೆ ಹೋದರೂ ಕೂರುವ ಮೊದಲು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದರು. ಕೈಕಾಲು ತೊಳೆಯಲು ಅಲ್ಲ. ನೀರು ಎಷ್ಟು ರಭಸವಾಗಿ ಬರುತ್ತದೆ, ಎಷ್ಟು ಬೇಗ ಇಳಿದುಹೋಗುತ್ತದೆ ಎಂದು ನೋಡಲು. ಜೆ.ಪಿ. ನಗರದಲ್ಲಿ ನೆಂಟ ಮಂಜಣ್ಣನ ಗೃಹಪ್ರವೇಶ. ಪೂಜೆ ಇನ್ನೂ ಮುಗಿದಿರಲಿಲ್ಲ, ಬಚ್ಚಲಿನಿಂದ ಅತ್ತೆಯ ದನಿ ಕೇಳಿತು: “ಮಂಜಣ್ಣ, ಇಳಿಜಾರು ಉಲ್ಟಾ ಕೊಟ್ಟವ್ರೆ ಕಣೋ! ನೀರೆಲ್ಲ ಬಾಗ್ಲಿಗೇ ಬರುತ್ತೆ!” ಮಂಗಳಾರತಿ ಹಿಡಿದು ನಿಂತಿದ್ದ ಮಂಜಣ್ಣನ ಮುಖ ನೋಡಲಾಗಲಿಲ್ಲ. ನನ್ನ ಡೈರಿಯ ಕೊನೆಯ ಪುಟದಲ್ಲಿ ‘ಅತ್ತೆಯಿಂದ ಮರ್ಯಾದೆ ಹೋದದ್ದು’ ಎಂಬ ಪಟ್ಟಿಯಿತ್ತು. ಆ ವರ್ಷ ಅದು ಒಂಬತ್ತನೆಯದು.

ಅವರು ಅಪ್ಪನ ಅಕ್ಕ. ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇಪ್ಪತ್ತಾರು ವರ್ಷ ವಾರ್ಡನ್ ಆಗಿದ್ದು, ನಿವೃತ್ತರಾದ ಮೇಲೆ ಹನುಮಂತನಗರದಲ್ಲಿ ಒಬ್ಬರೇ ಇದ್ದರು. ಗಂಜಿ ಹಾಕಿದ ಕಾಟನ್ ಸೀರೆ, ಕಂಕುಳಲ್ಲಿ ಚರ್ಮದ ಬ್ಯಾಗು, ಬ್ಯಾಗಿನಲ್ಲಿ ಟಾರ್ಚು, ಒಂದು ಉದ್ದ ನೋಟ್‌ಬುಕ್ಕು. ಹಗಲಿನಲ್ಲೂ ಟಾರ್ಚು ಯಾಕೆ ಎಂದು ಕೇಳಿದರೆ, “ಗಲೀಜು ಹಗಲಲ್ಲೂ ಕತ್ತಲಲ್ಲೇ ಕೂತಿರುತ್ತೆ” ಅನ್ನುತ್ತಿದ್ದರು. ಅವರ ಇನ್ನೊಂದು ಮಾತು: “ಬೋರ್ಡ್ ಓದ್ಬೇಡ, ಬಚ್ಚಲು ನೋಡು.”

ಪಿಯುಸಿ ಮುಗಿದು ನನಗೆ ಕನಕಪುರ ರಸ್ತೆಯಾಚೆಯ ವಿಶ್ವವಿದ್ಯಾಲಯವೊಂದರಲ್ಲಿ ಸಂಖ್ಯಾಶಾಸ್ತ್ರಕ್ಕೆ ಸೀಟು ಸಿಕ್ಕಿತು. ಅಲ್ಲಿ ಮೊದಲ ವರ್ಷ ಹಾಸ್ಟೆಲ್ ಕಡ್ಡಾಯ. ಅಪ್ಪನಿಗೆ ನಾನು ಪದ್ಮನಾಭನಗರದ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಕಾಲೇಜಿನಲ್ಲಿ ಬಿ.ಕಾಂ. ಸೇರಿದರೆ ಸಾಕಿತ್ತು. ಸೀಟು ಸಿಕ್ಕವರೂ ಮನೆಯವರೂ ಬಂದು ನೋಡಿಹೋಗಿ ಎಂದು ವಿಶ್ವವಿದ್ಯಾಲಯ ಒಂದು ಶನಿವಾರ ಕರೆದಾಗ ಅಪ್ಪ ಕೈ ತೊಳೆದುಕೊಂಡರು: “ಅಕ್ಕನ್ನ ಕರ್ಕೊಂಡ್ಹೋಗು. ಅವಳು ಹೂಂ ಅಂದ್ರೆ ಸೇರು.” ಸೀಟು ಬೇಕೋ ಬೇಡವೋ ಎಂದು ತಿಳಿಸಲು ಅಂದೇ ಸಂಜೆ ಐದು ಗಂಟೆ ಕೊನೆ.

ಹತ್ತು ಗಂಟೆಗೆ ಸಭಾಂಗಣದಲ್ಲಿ ಸ್ವಾಗತ. ಮಾತು ಮುಗಿದು ಪ್ರಶ್ನೆ ಕೇಳಿ ಎಂದಾಗ ಬೇರೆ ಮನೆಯವರು ಕೆಲಸ ಸಿಗುತ್ತದೆಯೇ, ವಿದೇಶಕ್ಕೆ ಕಳಿಸುತ್ತೀರಾ ಎಂದು ಕೇಳಿದರು. ಅತ್ತೆ ಎದ್ದು ಮೈಕು ತೆಗೆದುಕೊಂಡರು. “ಸಾರ್, ಒಂದು ಮಹಡೀಲಿ ಹುಡುಗೀರು ಎಷ್ಟು, ಬಚ್ಚಲು ಎಷ್ಟು? ಅದ್ರಲ್ಲಿ ಚಿಲಕ ಇರೋದು ಎಷ್ಟಕ್ಕೆ?” ಸಭೆ ನಕ್ಕಿತು. ವೇದಿಕೆಯ ಮೇಲಿದ್ದವರು, “ಒಳ್ಳೆ ಪ್ರಶ್ನೆ ಮೇಡಂ, ಟೂರ್‌ನಲ್ಲಿ ನೋಡ್ತೀರಿ” ಎಂದರು. “ನೋಡ್ತೀನಿ” ಎಂದು ಅತ್ತೆ ಕೂತರು. ನನ್ನ ಪಕ್ಕದ ಹುಡುಗಿ, “ನಿಮ್ಮಜ್ಜಿನಾ? ಸಖತ್ ಆಗಿದಾರೆ” ಅಂದಳು. ನನಗೆ ಅಳು ಬರುವಂತಾಗಿತ್ತು.

ನಾನು ಅಲ್ಲಿಗೆ ಹೋದದ್ದು ಒಂದೇ ಕಾರಣಕ್ಕೆ. ಹನ್ನೆರಡರಿಂದ ಹನ್ನೆರಡೂವರೆಯವರೆಗೆ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು ಹೊಸಬರ ಜೊತೆ ಮಾತನಾಡುವವರಿದ್ದರು. ಕೇಳಬೇಕಾದ ಏಳು ಪ್ರಶ್ನೆಗಳನ್ನು ಬರೆದುಕೊಂಡಿದ್ದೆ. ಹನ್ನೊಂದೂ ಮುಕ್ಕಾಲಿಗೆ ಹಾಸ್ಟೆಲ್ ನೋಡಿ ಹೊರಗೆ ಬಂದು ತಿರುಗಿದರೆ ಅತ್ತೆ ಇಲ್ಲ. ಮೂರು ಮಹಡಿ ಹತ್ತಿ ಇಳಿದೆ. ಆರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಹನ್ನೆರಡು ನಲವತ್ತಕ್ಕೆ ಸಿಕ್ಕರು, ಮೆಸ್ಸಿನ ಅಡುಗೆಮನೆಯಲ್ಲಿ. ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೈಯಲ್ಲಿ ಮಜ್ಜಿಗೆ ಲೋಟ. ಎದುರಿಗೆ ಅಡುಗೆಯವರು ಐದು ಜನ ತಲೆಗೆ ಟೋಪಿ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಉಗ್ರಾಣದ ಬಾಗಿಲು ತೆರೆದಿತ್ತು. ಸೀರೆ, ಬ್ಯಾಗು, ಟಾರ್ಚು ನೋಡಿ ಅವರೆಲ್ಲ ಅತ್ತೆ ಯಾವುದೋ ಕಮಿಟಿಯಿಂದ ತಪಾಸಣೆಗೆ ಬಂದಿದ್ದಾರೆಂದು ತಿಳಿದಿದ್ದರು.

“ಅಕ್ಕಿ ಮೂಟೆ ನೆಲದ ಮೇಲಿಟ್ರೆ ತೇವ ಎಳ್ಕೊಳಲ್ವೇನಪ್ಪಾ? ಕೆಳಗೆ ಹಲಗೆ ಹಾಕ್ಸು.”

“ಹಾಕಿಸ್ತೀವಿ ಮೇಡಂ. ಇದೊಂದ್ಸಲ ಬರೀಬೇಡಿ ಮೇಡಂ.”

ನಾನು ಕಿವಿಯ ಬಳಿ ಬಗ್ಗಿ, “ಅತ್ತೆ, ನೀವು ಯಾರು ಅಂತ ಇವ್ರಿಗೆ ಹೇಳಿದ್ರಾ?” ಅಂದೆ.

“ಯಾರೂ ಕೇಳ್ಲಿಲ್ಲ” ಅಂದರು.

ಅಷ್ಟರಲ್ಲಿ ವಾರ್ಡನ್ ಓಡಿ ಬಂದರು. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಬೆಳಿಗ್ಗೆ ಹೊಸಬರಿಗೆ ಕೊಟ್ಟಿದ್ದ ಗುರುತಿನ ಚೀಟಿ ನನ್ನ ಕೊರಳಲ್ಲಿರುವುದನ್ನು ನೋಡಿ ವಿಷಯ ತಿಳಿದು ಅವರ ಮುಖ ಕೆಂಪಾಯಿತು. “ಇದೇನ್ ಮೇಡಂ ಇದು? ಪೇರೆಂಟ್ ಆಗಿದ್ದು ಇನ್ಸ್‌ಪೆಕ್ಷನ್ ಅಂತ ಸುಳ್ಳು ಹೇಳ್ತೀರಾ?” ಎಂದು ನನ್ನ ಅರ್ಜಿ ಸಂಖ್ಯೆ ಬರೆದುಕೊಂಡರು. ನನ್ನ ಸೀಟು ಹೋಯಿತು ಎಂದುಕೊಂಡೆ.

ಅತ್ತೆ ಮಜ್ಜಿಗೆ ಕುಡಿದು ಮುಗಿಸಿ ಎದ್ದರು. “ಸುಳ್ಳು ಹೇಳ್ಲಿಲ್ಲಮ್ಮ. ಮುಕ್ಕಾಲು ಗಂಟೆಯಿಂದ ಇಲ್ಲಿದೀನಿ, ಹುಡುಗೀರ ಮಹಡಿಗೂ ಹೋಗ್ಬಂದೆ. ಯಾರಮ್ಮ ನೀನು ಅಂತ ಒಬ್ರೂ ಕೇಳ್ಲಿಲ್ಲ. ನಾಳೆ ಯಾವನೋ ಇಸ್ತ್ರಿ ಶರ್ಟ್ ಹಾಕ್ಕೊಂಡು ಫೈಲ್ ಹಿಡ್ಕೊಂಡು ಬಂದ್ರೆ?” ವಾರ್ಡನ್ ಅರ್ಜಿ ಸಂಖ್ಯೆ ಬರೆದ ಚೀಟಿಯನ್ನು ಮಡಚಿ ಮುಷ್ಟಿಯಲ್ಲಿಟ್ಟುಕೊಂಡರು.

ಬಸ್ಸಿನಲ್ಲಿ ಅತ್ತೆ ನೋಟ್‌ಬುಕ್ ಮುಚ್ಚಿ, “ಬೇಡ ಕಣೇ ಚೈತ್ರಾ. ನಿಮ್ಮಪ್ಪಂಗೆ ಬೇಡ ಅಂತೀನಿ” ಎಂದರು. ಸಾರಕ್ಕಿ ಸಿಗ್ನಲ್ ಬಂತು. ಅಲ್ಲಿ ಬಸ್ಸು ಎಂದಿನಂತೆ ನಿಂತುಬಿಟ್ಟಿತು. ನನಗೆ ಇನ್ನು ತಡೆಯಲಾಗಲಿಲ್ಲ.

“ನೀವು ಬಚ್ಚಲು ನೋಡಿದ್ರಿ, ಅಕ್ಕಿ ನೋಡಿದ್ರಿ. ನಾನು ಓದಕ್ಕೆ ಹೋಗ್ತಿರೋದು ಅತ್ತೆ! ಪಾಠ ಮಾಡೋವ್ರ ಮುಖಾನೂ ನೋಡ್ಲಿಲ್ಲ ನಾನು, ನಿಮ್ಮನ್ನ ಹುಡುಕ್ತಾ. ಒಂದೇ ಒಂದು ಅರ್ಧ ಗಂಟೆ ಇತ್ತು. ಅದನ್ನೂ ತಿಂದ್ಬಿಟ್ರಿ!”

ಮುಂದಿನ ಸೀಟಿನವರು ತಿರುಗಿ ನೋಡಿದರು. ಅತ್ತೆಯ ಎದುರು ಯಾರೂ ಹಾಗೆ ಮಾತನಾಡಿದ್ದನ್ನು ನಾನು ಕಂಡಿರಲಿಲ್ಲ. ಅವರು ಬ್ಯಾಗು ಎತ್ತಿಕೊಂಡು, “ಇಳಿ” ಎಂದರು. ರಸ್ತೆ ದಾಟಿಸಿ, ವಾಪಸ್ಸು ಹೋಗುವ ಬಸ್ಸು ಹತ್ತಿಸಿದರು.

ನಾವು ತಲುಪಿದಾಗ ಮೂರೂ ಮುಕ್ಕಾಲು. ವಿಭಾಗದ ಮುಖ್ಯಸ್ಥರು ಬೀಗ ಹಾಕುತ್ತಿದ್ದರು. ಅತ್ತೆ ಅವರೆದುರು ಕೈ ಮುಗಿದರು. ಅತ್ತೆ ಯಾರಿಗಾದರೂ ಕೈ ಮುಗಿದದ್ದನ್ನು ನಾನು ಕಂಡದ್ದು ಅದೊಂದೇ ಸಲ. “ಸಾರ್, ಬೆಳಿಗ್ಗೆ ಇವಳು ಬರಕ್ಕಾಗ್ದೇ ಇದ್ದಿದ್ದು ನನ್ನಿಂದ. ಹತ್ತು ನಿಮಿಷ ಮಾತಾಡಿ ಕಳ್ಸಿ.” ಅವರು ಬೀಗ ತೆಗೆದರು. ಮೂವತ್ತೈದು ನಿಮಿಷ ಮಾತನಾಡಿದರು. ನನ್ನ ಏಳೂ ಪ್ರಶ್ನೆಗೆ ಉತ್ತರ ಸಿಕ್ಕಿತು. ಅಷ್ಟು ಹೊತ್ತೂ ಅತ್ತೆ ಹೊರಗಿನ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು.

ನಾನು ಹೊರಗೆ ಬಂದಾಗ ಅವರು ನನ್ನ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ, ಅಪ್ಪನಿಗೆ ಫೋನ್ ಮಾಡಿದರು. “ಹಾಸ್ಟೆಲ್ ಸರಿಯಿಲ್ಲ ಕಣೋ. ಅದನ್ನ ನಾನು ವಾರಾ ವಾರಾ ಬಂದು ನೋಡ್ಕೋತೀನಿ. ಓದು ಚೆನ್ನಾಗಿದೆ ಅಂತ ಇವಳ ಮುಖಾನೇ ಹೇಳ್ತಿದೆ. ಅದು ನಂಗೆ ಗೊತ್ತಾಗಲ್ಲ. ಇವಳು ಸೇರ್ಲಿ.” ಆಗ ನಾಲ್ಕೂ ಇಪ್ಪತ್ತೆಂಟು.

ವಾರಾ ವಾರಾ ಬಂದರು ಕೂಡ. ಮೊದಲ ಸೆಮಿಸ್ಟರಿನಲ್ಲಿ ಹದಿನಾಲ್ಕು ಸಲ. ಪ್ರತಿಸಲವೂ ನನ್ನ ಮಾನ ಹೋಯಿತು, ಪ್ರತಿಸಲವೂ ಒಂದು ಚಿಲಕ ರಿಪೇರಿಯಾಯಿತು.

ಎರಡನೆಯ ಸೆಮಿಸ್ಟರಿನಲ್ಲಿ ಅವರಿಗೆ ಉಸಿರಿನ ತೊಂದರೆ ಹೆಚ್ಚಾಗಿ ಬರುವುದು ನಿಂತಿತು. ಒಂದು ಶನಿವಾರ ನಾನೇ ಹನುಮಂತನಗರಕ್ಕೆ ಹೋದೆ. ದಿಂಬಿಗೆ ಒರಗಿ ಕೂತಿದ್ದರು. “ಅದೇನು ಓದ್ತೀಯೋ ಹೇಳೇ, ಕೇಳೋಣ” ಎಂದರು. ನಾನು ಗಡಿಯಾರ ನೋಡುತ್ತಾ ಸಂಭವನೀಯತೆ ಎಂದರೇನು ಎಂದು ಏಳು ನಿಮಿಷ ವಿವರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು.

“ಅಂದ್ರೆ ನಾಳೆ ಏನಾಗುತ್ತೆ ಅಂತ ನಿಮಗೂ ಗೊತ್ತಿಲ್ಲ. ಮತ್ತೆ ಅದನ್ನ ಇಷ್ಟು ವರ್ಷ ಓದೋದ್ಯಾಕೆ?”

ನನಗೆ ರೇಗಿತು. “ಅದು ಹಾಗಲ್ಲ ಅತ್ತೆ. ಮುಂದಿನ ಶನಿವಾರ ಹೇಳ್ತೀನಿ, ಈಗ ಬಸ್ಸಿಗೆ ಟೈಮಾಯ್ತು” ಎಂದು ಎದ್ದೆ.

ಗುರುವಾರ ಬೆಳಿಗ್ಗೆ ಅಪ್ಪ ಫೋನ್ ಮಾಡಿ, ರಾತ್ರಿ ಅತ್ತೆ ಹೋಗಿಬಿಟ್ಟರು ಎಂದರು. ಬುಧವಾರವೇ ನಾನು ಆ ಪ್ರಶ್ನೆಗೆ ಒಂದೂವರೆ ಪುಟ ಉತ್ತರ ಬರೆದು ಮುಗಿಸಿದ್ದೆ. ಒಂದೂ ಸೂತ್ರವಿಲ್ಲದೆ, ಅತ್ತೆಗೆ ಓದಿ ಹೇಳಲು ಬರುವಂತೆ.