ಗೋಡೆ ಡಾಕ್ಟರು
ನಮ್ಮೂರಲ್ಲಿ ಮನೆ ಕೊಳ್ಳುವವರು ಮೊದಲು ಕರೆತಂದು ಮನೆ ತೋರಿಸುವ ಪರೀಕ್ಷಕನಿಗೆ ನಾವಿಟ್ಟ ಹೆಸರು ‘ಗೋಡೆ ಡಾಕ್ಟರು’. ಬಂದವನೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನೆಲದ ತೇವ ನೋಡುತ್ತಾನೆ, ಇದ್ದಬದ್ದ ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸುತ್ತಾನೆ, ಗೋಡೆ ತಟ್ಟಿ ಕಿವಿಯಿಟ್ಟು “ಎಲ್ಲಿ ನೋವಮ್ಮಾ?” ಎಂದು ವಿಚಾರಿಸುತ್ತಾನೆ. ಮಾರುವವರ ಚಹಾ ಮುಟ್ಟುವುದಿಲ್ಲ. “ಕುಡಿದ್ರೆ ಕಣ್ಣು ಮಂಜಾಗುತ್ತೆ” ಎನ್ನುತ್ತಾನೆ. ಅವನು ಒಮ್ಮೆ ಸೀನಿದರೆ ಸಾಕು, ವ್ಯಾಪಾರ ಮುರಿಯಿತೆಂದು ದಲ್ಲಾಳಿಗಳು ಹಣೆ ಚಚ್ಚಿಕೊಳ್ಳುತ್ತಾರೆ. ನನ್ನ ಮನೆ ಮಾರುವಾಗಲೂ ಅವನೇ ಬಂದ. ಹಿಂದಿನ ಕೋಣೆಯಲ್ಲಿ ನೀರು ಜಿನುಗಿ ಬೂಷ್ಟು ಹಿಡಿದಿದ್ದ ಗೋಡೆಗೆ ನಾನು ಆ ವಾರವಷ್ಟೇ ಬಣ್ಣ ಬಳಿದಿದ್ದೆ. ಅದರ ಮುಂದೆ ಅವನು ನಿಂತೇಬಿಟ್ಟಾಗ ನನಗೆ ಪಿತ್ತ ನೆತ್ತಿಗೇರಿ, “ಮನೆ ನೋಡ್ತಿದ್ದೀಯಾ, ಸಿನಿಮಾ ನೋಡ್ತಿದ್ದೀಯಾ?” ಎಂದು ಕೂಗಾಡಿದೆ. ಕೊಳ್ಳಲು ಬಂದಿದ್ದ ತುಂಬು ಬಸುರಿಯೊಬ್ಬಳು ತನ್ನ ಗಂಡನಿಗೆ, “ತೊಟ್ಟಿಲು ಇಲ್ಲೇ ಇಡೋಣ ರೀ” ಎನ್ನುತ್ತಿದ್ದಳು. ಪರೀಕ್ಷಕ ನನ್ನ ಮೇಲೆ ರೇಗದೆ ಮೆಲ್ಲಗೆ, “ಅಣ್ಣಾ, ಈ ಕೋಣೇಲಿ ನಿಮ್ಮನೇಲಿ ಯಾರು ಮಲಗ್ತಾರೆ?” ಎಂದು ಕೇಳಿದ. ಉತ್ತರಕ್ಕೆಂದು ಆ ಹೆಣ್ಣುಮಗಳೂ ನನ್ನತ್ತ ತಿರುಗಿದಳು. ಬೂಷ್ಟಿನ ಗಾಳಿಗೆ ಹೆದರಿ ಎರಡು ವರ್ಷದಿಂದ ನನ್ನ ಮಕ್ಕಳನ್ನು ನಾನು ಅಲ್ಲಿ ಮಲಗಿಸಿರಲಿಲ್ಲ.